ಗಿರಾಕಿ ಕೇಳುವ ಮೊದಲೇ ಹೇಳುವುದು: ದಿನಸಿ ಅಂಗಡಿಯಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ನಮ್ಮದು ದಿನಸಿ ಅಂಗಡಿ, ಅಪ್ಪನ ಕಾಲದ್ದು. ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ, ಸಾಮಾನು ಕಟ್ಟಲು ಹುಡುಗರಿದ್ದಾರೆ. ಸೂಪರ್ ಮಾರ್ಕೆಟ್‌ಗಳ ಜೊತೆ ರೇಟಿನಲ್ಲಿ ಏಗಲು ನಮ್ಮಿಂದ ಆಗುವುದಿಲ್ಲ. ಆದರೂ ಹಳೇ ಗಿರಾಕಿಗಳು ಬಿಟ್ಟುಹೋಗಿಲ್ಲ. ಮನೆಗೆ ಹೋದ ಮೇಲೆ ಅವರಿಗೆ ಗೊತ್ತಾಗುವ ಸಂಗತಿಯನ್ನು ಅಂಗಡಿಯಲ್ಲೇ ನಾವಾಗಿ ಹೇಳಿಬಿಡುತ್ತೇವೆ, ಅದಕ್ಕೇ ಅಂತ ನನ್ನ ನಂಬಿಕೆ.

ಹೆಚ್ಚು ತಕರಾರು ಹುಟ್ಟುವುದು ಅಕ್ಕಿಯಲ್ಲಿ. ನಮ್ಮ ಭದ್ರಾ ನಾಲೆ ಬಯಲಿನ ಮಳೆಗಾಲದ ಭತ್ತ ಕೊಯ್ಲಾಗಿ, ವರ್ಷದ ಕೊನೆ ಹೊತ್ತಿಗೆ ಹೊಸ ಸೋನಾ ಮಸೂರಿ ಬರಲು ಶುರುವಾಗುತ್ತದೆ. ಬೆಳ್ಳಗೆ ನೋಡಲು ಚಂದ, ಆದರೆ ನೀರು ಒಂಚೂರು ಹೆಚ್ಚಾದರೂ ಅನ್ನ ಮುದ್ದೆ. ವರ್ಷ ಇಟ್ಟ ಅಕ್ಕಿ ನೀರು ಚೆನ್ನಾಗಿ ಕುಡಿಯುತ್ತದೆ, ಅನ್ನ ಉದುರುದುರಾಗಿ ಒದಗುತ್ತದೆ, ಅದಕ್ಕೆ ತಕ್ಕಂತೆ ರೇಟೂ ಜಾಸ್ತಿ. ಹಾಗಾಗಿ "ಎಷ್ಟು ಕೆಜಿ?" ಅಂತ ಮೊದಲು ಕೇಳಬೇಡಿ ಅಂತ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. "ಅನ್ನಕ್ಕೋ ದೋಸೆಗೋ ಅಕ್ಕಾ?" ಅಂತ ಕೇಳಿ, ಎರಡನ್ನೂ ಒಂದೊಂದು ಹಿಡಿ ತಟ್ಟೆಯಲ್ಲಿ ಹಾಕಿ ತೋರಿಸುತ್ತಾರೆ. ಹಳೇದು ತುಸು ಕೆನೆಬಣ್ಣ, ಪಕ್ಕದಲ್ಲಿಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಹೊಸದೇ ಸಾಕು ಅಂದವರ ಚೀಲದ ಮೇಲೆ "ಹೊಸ ಅಕ್ಕಿ, ನೀರು ಕಡಿಮೆ" ಅಂತ ಮಾರ್ಕರ್‌ನಲ್ಲಿ ಬರೆದುಕೊಡುತ್ತಾರೆ. ಅಂಗಡಿಗೆ ಬಂದವರು ಒಬ್ಬರಾದರೆ ಅಡುಗೆ ಮಾಡುವವರು ಇನ್ನೊಬ್ಬರು, ಬರಹ ನೇರ ಒಲೆ ಮುಂದೆ ಹೋಗಿ ತಲುಪಬೇಕು.

ತೂಕದ ಮಾತು ಜಾಸ್ತಿ ಇಲ್ಲ. ಎರಡೂ ಕಡೆ ಅಂಕಿ ಕಾಣುವ ತಕ್ಕಡಿ, ವರ್ಷವರ್ಷ ಮುದ್ರೆ, ಸರ್ಟಿಫಿಕೇಟು ಗೋಡೆ ಮೇಲೆ.

ದೊಡ್ಡ ಪರೀಕ್ಷೆ ಆಗಿದ್ದು ಜಿಎಸ್‌ಟಿ ಇಳಿದಾಗ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತಿನ ತೆರಿಗೆ ಶೇ 18ರಿಂದ 5ಕ್ಕೆ ಬಂತು, ತುಪ್ಪ, ಬೆಣ್ಣೆಯದ್ದು 12ರಿಂದ 5ಕ್ಕೆ. ಕಪಾಟಿನ ತುಂಬ ಹಳೇ ಎಂಆರ್‌ಪಿಯ ಮಾಲು. ಟಿವಿ ನೋಡಿದ ಗಿರಾಕಿಗಳು ನೂರಕ್ಕೆ ಹದಿಮೂರು ಕಡಿಮೆ ಆಗಬೇಕು ಅಂತ ಲೆಕ್ಕ ಹಾಕಿಕೊಂಡೇ ಬರುತ್ತಿದ್ದರು. ಹಿಂದಿನ ರಾತ್ರಿಯೇ ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ನೇತುಹಾಕಿದೆ: "118 ರೂಪಾಯಿ ಶಾಂಪೂ = ಮಾಲು 100 + ತೆರಿಗೆ 18. ಇನ್ನು ಮುಂದೆ 100 + 5 = 105." ಅಂದರೆ 118ರ ಮೇಲೆ ಇಳಿಯುವುದು 13 ರೂಪಾಯಿ, ನೂರಕ್ಕೆ ಹನ್ನೊಂದರ ಸುಮಾರು. ಮಾಲು ಕೊಳ್ಳುವಾಗ ಕಟ್ಟಿದ ಹೆಚ್ಚಿನ ತೆರಿಗೆ ನಮ್ಮ ಕ್ರೆಡಿಟ್ಟಿನಲ್ಲಿ ಇರುತ್ತದೆ, ಅಂದರೆ ಮುಂದೆ ನಾವು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿಯಲ್ಲಿ ಅದನ್ನು ಮುರಿದುಕೊಳ್ಳಬಹುದು. ಹಾಗಿರುವಾಗ ಹಳೇ ಸ್ಟಾಕು ಅನ್ನುವ ನೆಪ ಹೇಳುವುದು ಸರಿಯಲ್ಲ. ಸ್ಕೂಲಿಗೆ ಹೋಗುವ ಮಕ್ಕಳು ಆ ರಟ್ಟಿನ ಮುಂದೆ ನಿಂತು ಅಪ್ಪಂದಿರಿಗೆ ಲೆಕ್ಕ ಬಿಡಿಸಿ ಹೇಳುತ್ತಿದ್ದರು. ಆ ವಾರ ನಮ್ಮ ಕೌಂಟರಿನಲ್ಲಿ ಎತ್ತರದ ದನಿ ಕೇಳಲಿಲ್ಲ.

ಉದ್ರಿ ಬಗ್ಗೆ ಒಂದು ಕಟ್ಟುನಿಟ್ಟು ಇಟ್ಟಿದ್ದೇನೆ: ನಾಲ್ಕು ಜನರೆದುರು ಬಾಕಿ ಎತ್ತುವ ಹಾಗಿಲ್ಲ. ಸಾಮಾನು ಕೊಟ್ಟ ದಿನ ಸಂಜೆಯೇ ಅವರ ಪುಟದ ಫೋಟೊ ವಾಟ್ಸಾಪ್‌ಗೆ ಹೋಗುತ್ತದೆ. ಲೆಕ್ಕ ತಾಜಾ ಇರುವಾಗಲೇ "ಇದು ನಾನು ಒಯ್ದಿಲ್ಲ ಅಣ್ಣಾ" ಅಂದರೆ ಅಲ್ಲೇ ಸರಿಪಡಿಸಬಹುದು. ತಿಂಗಳ ಕೊನೆಗೆ ಎದ್ದ ಮಾತು ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಫೋನಿಲ್ಲದ ಅಜ್ಜಿಯರಿಗೆ ಚೀಟಿ ಬರೆದು ಓದಿ ಹೇಳಿಯೇ ಕೊಡುತ್ತೇವೆ.

ವಾಪಸ್ ತಂದ ಸಾಮಾನು ತೆಗೆದುಕೊಳ್ಳಲು ಹುಡುಗರು ನನ್ನನ್ನು ಕೇಳಬೇಕಿಲ್ಲ. ಗಿರಾಕಿಯನ್ನು ಬದಿಗೆ ನಿಲ್ಲಿಸಿ "ಸಾವ್ಕಾರ್ರು ಬರಲಿ" ಅನ್ನುವುದು ಅವಮಾನ, ಅವರಿಗೂ, ಹುಡುಗರಿಗೂ. ಕಡಲೆಹಿಟ್ಟಿನಲ್ಲಿ ಹುಳ ಅಂತ ಒಬ್ಬರು ತಂದರೆ ದುಡ್ಡು ಕೊಟ್ಟು ಮುಗಿಸುವುದಿಲ್ಲ. ಅದೇ ಚೀಲದಿಂದ ಕಟ್ಟಿದ ಪೊಟ್ಟಣಗಳನ್ನೆಲ್ಲ ಕಪಾಟಿನಿಂದ ಇಳಿಸುತ್ತೇವೆ. ಉದ್ರಿ ಪುಸ್ತಕ ತಿರುವಿ, ಆ ಹಿಟ್ಟು ಒಯ್ದ ಮನೆಗಳಿಗೆ ಫೋನು ಮಾಡಿ, "ಒಮ್ಮೆ ಜರಡಿ ಹಿಡಿದು ನೋಡಿ, ಕೆಟ್ಟಿದ್ದರೆ ಬದಲಿ ಕೊಡ್ತೀವಿ" ಅನ್ನುತ್ತೇವೆ. ಉಳಿದ ಚೀಲ ಬಿಲ್ಲಿನ ಸಮೇತ ಅವತ್ತೇ ಹೋಲ್‌ಸೇಲ್ ಅಂಗಡಿಗೆ ವಾಪಸ್.