ಗೆಣಸು ಸಪ್ಪೆ ಆಗದಂತೆ ಬೇಯಿಸೋದು ಹೇಗೆ? ರೊಟ್ಟಿಗೆ ಪಲ್ಯ, ಬಿಸಿಲಿಗೆ ಮೊಸರು ಬಜ್ಜಿ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಗೆಣಸು ನೆನಪಾಗೋದೇ ಶಿವರಾತ್ರಿಗೆ. ಹಬ್ಬ ಹತ್ತಿರ ಬಂದರೆ ಸಂತೆಯಲ್ಲಿ ಕಲ್ಲಂಗಡಿ, ಖರ್ಜೂರದ ಪಕ್ಕ ಗೆಣಸಿನ ರಾಶಿ ಬಿದ್ದಿರುತ್ತದೆ. ಎಲ್ಲರೂ ಚೀಲ ತುಂಬಿಕೊಂಡು ಹೋಗಿ, ಕುಕ್ಕರಿನಲ್ಲಿ ಮುಳುಗುವಷ್ಟು ನೀರು ಹಾಕಿ ನಾಲ್ಕೈದು ಸೀಟಿ ಕೂಗಿಸಿ, ನೀರು ನೀರಾದ ಗೆಣಸನ್ನು ಬೆಲ್ಲದ ಜೊತೆ ತಿಂದು "ಈ ಸಲದ ಗೆಣಸು ಸಪ್ಪೆ" ಅನ್ನುತ್ತಾರೆ. ಪಾಪ, ಗೆಣಸು ಏನು ಮಾಡೀತು? ನಾವೇ ಅದರ ರುಚಿ ನೀರಿಗೆ ಬಿಟ್ಟು ಚೆಲ್ಲಿರುತ್ತೇವೆ.

ಮೊದಲು ಕೊಳ್ಳೋದರ ಬಗ್ಗೆ. ದಪ್ಪ ದಪ್ಪ ಗೆಣಸು ನೋಡಲಿಕ್ಕೆ ಚೆಂದ, ಆದರೆ ಹೊರಗೆ ಬೆಂದು ಒಳಗೆ ಗಟ್ಟಿ ಉಳಿಯುತ್ತದೆ, ಕೆಲವು ನಾರು ನಾರು ಬೇರೆ. ಮಧ್ಯಮ ಗಾತ್ರದ, ಉದ್ದನೆಯ, ಒತ್ತಿದರೆ ಗಟ್ಟಿಯಾಗಿರುವ ಗೆಣಸು ಆರಿಸಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ ಇದ್ದರೆ ಒಟ್ಟಿಗೆ ಬೇಯುತ್ತವೆ. ಸಣ್ಣ ಕಪ್ಪು ತೂತು ಕಂಡರೆ ಅದು ಹುಳದ ಕೆಲಸ. ಹುಳ ಬಿದ್ದ ಗೆಣಸು ಕಹಿಯಾಗಿರುತ್ತದೆ, ಒಂಥರಾ ವಾಸನೆಯೂ ಬರುತ್ತದೆ. ಅಷ್ಟು ಭಾಗ ಕೆತ್ತಿ ಉಳಿದದ್ದು ಹಾಕೋಣ ಅಂತ ಜಿಪುಣತನ ಮಾಡಬೇಡಿ, ಇಡೀ ಗೆಣಸನ್ನೇ ಬಿಸಾಡಿ. ಬೂಸ್ಟು ಹಿಡಿದದ್ದಕ್ಕೂ ಇದೇ ಮಾತು. ಮೊಳಕೆ ಬಂದಿದ್ದರೆ ಮಾತ್ರ ಹೆದರಬೇಕಿಲ್ಲ, ಆಲೂಗಡ್ಡೆ ಮೊಳಕೆಯ ವಿಷ ಇದಕ್ಕಿಲ್ಲ. ಮೊಳಕೆ ಮುರಿದು ಬೇಯಿಸಿ.

ತಂದದ್ದನ್ನು ಫ್ರಿಜ್ಜಿಗೆ ತುರುಕಬೇಡಿ. ಹಸಿ ಗೆಣಸಿಗೆ ಆ ತಂಪು ಆಗೋದಿಲ್ಲ, ನಡುವೆ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗೋದಿಲ್ಲ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಬುಟ್ಟಿಯಲ್ಲಿ ಹಾಕಿ, ಗಾಳಿ ಆಡುವ ಕತ್ತಲೆ ಮೂಲೆಯಲ್ಲಿಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಅದೂ ಜಾಸ್ತಿ ದಿನ ತಡೆಯೋದಿಲ್ಲ, ವಾರದ ಸಂತೆಗೆ ಬೇಕಾದಷ್ಟೇ ತನ್ನಿ. ತೊಳೆಯೋದು ಬೇಯಿಸುವ ಮುಂಚೆ ಮಾತ್ರ. ಮಸಾರಿ ಮಣ್ಣು ಮೆತ್ತಿಕೊಂಡಿದ್ದರೆ ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ. ಸಿಪ್ಪೆ ತೆಗೆಯಬೇಡಿ, ಅದರಲ್ಲಿ ನಾರಿನಂಶ ಇದೆ, ಬೇಯುವಾಗ ರುಚಿಯನ್ನೂ ಒಳಗೇ ಹಿಡಿದಿಡುತ್ತದೆ.

ಇನ್ನು ಸಿಹಿಯ ಗುಟ್ಟು. ಹಸಿ ಗೆಣಸಿನಲ್ಲಿ ಇರೋದು ಹೆಚ್ಚಾಗಿ ಪಿಷ್ಟ. ಅದು ನಿಧಾನಕ್ಕೆ ಬಿಸಿಯಾಗುವಾಗ, ಸುಮಾರು 60ರಿಂದ 75 ಡಿಗ್ರಿ ನಡುವೆ, ಗೆಣಸಿನೊಳಗೇ ಇರುವ ಒಂದು ಕಿಣ್ವ ಆ ಪಿಷ್ಟವನ್ನು ಮಾಲ್ಟೋಸ್ ಅನ್ನುವ ಸಕ್ಕರೆಯಾಗಿ ಒಡೆಯುತ್ತದೆ. ಆ ಬಿಸಿಯಲ್ಲಿ ಗೆಣಸು ಎಷ್ಟು ಹೊತ್ತು ಇರುತ್ತದೋ ಅಷ್ಟು ಸಿಹಿ. ಜೋರು ಉರಿಯ ಕುಕ್ಕರು ಆ ಹಂತವನ್ನು ಬೇಗ ಬೇಗ ದಾಟಿಬಿಡುತ್ತದೆ. ಒಲೆ ಬೂದಿಯಲ್ಲಿ ಹುಗಿದ ಗೆಣಸು ಯಾಕೆ ಅಷ್ಟು ಸಿಹಿ ಅಂತ ಈಗ ಗೊತ್ತಾಯ್ತಲ್ವಾ?

ಹೊಲದ ಮನೆಯಲ್ಲಿ ಕಟ್ಟಿಗೆ ಒಲೆ ಇದ್ದವರಿಗೆ ನಾನು ಹೇಳಿಕೊಡೋದೇನಿಲ್ಲ. ರೊಟ್ಟಿ ಸುಟ್ಟಾದ ಮೇಲೆ ಉರಿ ಆರಿಸಿ, ಕೆಂಡದ ಮೇಲೆ ಬೂದಿ ಎಳೆದು, ಅದರೊಳಗೆ ಗೆಣಸು ಮುಚ್ಚಿ ಬೇರೆ ಕೆಲಸಕ್ಕೆ ಹೋಗಿ. ಗ್ಯಾಸ್ ಇದ್ದವರು ದಪ್ಪ ಕಬ್ಬಿಣದ ಹಂಚು ಇಡಿ. ಗೆಣಸನ್ನು ಇಡಿಯಾಗಿಯೇ, ನೀರು ಒರೆಸಿ, ಹಂಚಿನ ಮೇಲಿಟ್ಟು ಮೇಲೊಂದು ಆಳವಾದ ಪಾತ್ರೆ ಕವುಚಿ. ಉರಿ ಪೂರ್ತಿ ಸಣ್ಣದು. ಎಂಟು-ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಾ ಇರಿ, ಮಧ್ಯಮ ಗಾತ್ರದ್ದು ನಲವತ್ತು ನಿಮಿಷದ ಆಸುಪಾಸಿನಲ್ಲಿ ಆಗುತ್ತದೆ. ಗಡಿಯಾರಕ್ಕಿಂತ ಗೆಣಸನ್ನೇ ನೋಡಿ: ಸಿಪ್ಪೆ ಸಡಿಲವಾಗಿ ಸುಕ್ಕುಗಟ್ಟುತ್ತದೆ, ತುದಿಯಿಂದ ಪಾಕದ ಹನಿ ಹೊರಬಂದು ಹಂಚಿನ ಮೇಲೆ ಚುಂಯ್ ಅಂತ ಕುದಿದು ಕಂದಾಗಿ ಅಂಟಿಕೊಳ್ಳುತ್ತದೆ, ಚಾಕು ಚುಚ್ಚಿದರೆ ತಡೆಯಿಲ್ಲದೆ ಇಳಿಯುತ್ತದೆ. ಆ ಅಂಟಿದ ಪಾಕವನ್ನು ಕೆರೆದು ತಿನ್ನೋದಕ್ಕೆ ಮನೆಯಲ್ಲಿ ಜಗಳ ಆದರೆ ಸರಿಯಾಗಿ ಬಂದಿದೆ ಅಂತ ಅರ್ಥ. ಬೆಲ್ಲ ಬೇಡ, ತುಪ್ಪ ಒಂದು ಚಮಚ ಸಾಕು.

ಅಷ್ಟು ಸಮಯ ಇಲ್ಲ ಅಂದರೆ ಹಬೆಯಲ್ಲಿ ಬೇಯಿಸಿ. ಇಡ್ಲಿ ಪಾತ್ರೆಯಲ್ಲಿ ಇಡೀ ಗೆಣಸು ಇಪ್ಪತ್ತೈದು ಮೂವತ್ತು ನಿಮಿಷ. ಕುಕ್ಕರೇ ಬೇಕು ಅಂದರೆ ತಳಕ್ಕೆ ಒಂದು ಲೋಟ ನೀರು ಹಾಕಿ, ಗೆಣಸನ್ನು ಅದರ ಮೇಲೆ ಜಾಲರಿ ತಟ್ಟೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಎರಡು ಸೀಟಿ. ಗೆಣಸಿಗೆ ನೀರು ತಾಗಬಾರದು, ಅಷ್ಟೇ ಷರತ್ತು.

ಸಕ್ಕರೆ ಕಾಯಿಲೆ ಇದ್ದವರು ಈ ಕಥೆಯನ್ನು ತಿರುಗಿಸಿ ಓದಬೇಕು. ಸುಟ್ಟ ಗೆಣಸು ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ, ನೀರಿನಲ್ಲಿ ಬೇಯಿಸಿದ್ದು ಅಷ್ಟು ಬೇಗ ಏರಿಸೋದಿಲ್ಲ. ಹಾಗಾಗಿ ಅವರಿಗೆ ಸಿಪ್ಪೆ ಸಮೇತ ಕುದಿಸಿದ್ದೇ ಸರಿ. ಅದೂ ಅರ್ಧ ಗೆಣಸು, ಶೇಂಗಾ ಅಥವಾ ಮೊಸರಿನ ಜೊತೆ, ಅನ್ನ ಅಥವಾ ರೊಟ್ಟಿಯಲ್ಲಿ ಅಷ್ಟು ಕಡಿಮೆ ಮಾಡಿಕೊಂಡು. "ಆರೋಗ್ಯಕ್ಕೆ ಒಳ್ಳೇದಂತೆ" ಅಂತ ಹೊಟ್ಟೆತುಂಬಾ ಸೋನಾ ಮಸೂರಿ ಅನ್ನ ಉಂಡು ಮೇಲೆ ಎರಡು ಗೆಣಸು ತಿಂದರೆ ಏನು ಬಂತು? ನೂರು ಗ್ರಾಂ ಗೆಣಸಿನಲ್ಲಿ ಸುಮಾರು 86 ಕ್ಯಾಲೊರಿ, 3 ಗ್ರಾಂ ನಾರು, ಒಳ್ಳೆ ಪ್ರಮಾಣದ ಪೊಟ್ಯಾಸಿಯಂ ಇದೆ. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡವರು ಡಾಕ್ಟರನ್ನು ಕೇಳಿಯೇ ತಿನ್ನಿ.

ಬಣ್ಣದ ಬಗ್ಗೆಯೂ ಒಂದು ಮಾತು. ಗೆಣಸಿನಲ್ಲಿ ವಿಟಮಿನ್ ಎ ತುಂಬಾ ಇದೆ ಅಂತ ಎಲ್ಲರೂ ಹೇಳೋದು ಒಳಗೆ ಕಿತ್ತಳೆ ಬಣ್ಣ ಇರುವ ಗೆಣಸಿನ ಬಗ್ಗೆ, ಅದರಲ್ಲಿರುವ ಬೀಟಾ ಕೆರೋಟಿನ್ ಬಗ್ಗೆ. ಹೊರಗೆ ಕೆಂಪು ಇದ್ದು ಒಳಗೆ ಬಿಳಿ ಇರುವ ಗೆಣಸಿನಲ್ಲಿ ಅದು ಬಹಳ ಕಡಿಮೆ. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಭೂ ಸೋನಾ ಅನ್ನುವ ಕಿತ್ತಳೆ ತಳಿ, ಭೂ ಕೃಷ್ಣ ಅನ್ನುವ ನೇರಳೆ ತಳಿ ಬಿಡುಗಡೆ ಮಾಡಿದೆ. ಸಿಕ್ಕರೆ ಬಿಡಬೇಡಿ. ಕಿತ್ತಳೆಯದ್ದನ್ನು ಒಂದಿಷ್ಟು ಎಣ್ಣೆ ಅಥವಾ ತುಪ್ಪದ ಜೊತೆ ತಿನ್ನಿ, ಕೊಬ್ಬು ಇದ್ದರೇನೇ ಕೆರೋಟಿನ್ ಮೈಗೆ ಹತ್ತೋದು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಜೋಳದ ರೊಟ್ಟಿಗೆ ಗೆಣಸಿನ ಪಲ್ಯ. ಅರ್ಧ ಕಿಲೋ ಗೆಣಸನ್ನು ಸಿಪ್ಪೆ ಸಮೇತ ಸಣ್ಣ ಹೋಳು ಮಾಡಿ ನೀರಿಗೆ ಹಾಕಿಡಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಕತ್ತರಿಸುವಾಗ ಬರುವ ಹಾಲು ಕೈಗೆ ಅಂಟುತ್ತದೆ, ಮುಂಚೆಯೇ ಎಣ್ಣೆ ಸವರಿಕೊಂಡರೆ ಒಳ್ಳೇದು. ಬಾಣಲೆಗೆ ಎರಡು ಚಮಚ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಏಳೆಂಟು ಎಸಳು ಬೆಳ್ಳುಳ್ಳಿ, ಕರಿಬೇವು, ಒಂದು ದೊಡ್ಡ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕೆಂಪಾಗುತ್ತಿದ್ದಂತೆ ನೀರು ಬಸಿದ ಹೋಳು, ಅರಿಶಿನ, ಉಪ್ಪು ಹಾಕಿ, ಕೈಯಿಂದ ನೀರು ಚಿಮುಕಿಸಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಹನ್ನೆರಡು ಹದಿನೈದು ನಿಮಿಷ ಸಾಕು, ಮುದ್ದೆ ಆಗಬಾರದು. ಕೊನೆಗೆ ಖಾರದ ಪುಡಿ, ಸ್ವಲ್ಪ ಹುಣಸೆ ರಸ, ಎರಡು ಚಮಚ ಗುರೆಳ್ಳು ಪುಡಿ. ಗೆಣಸಿನ ಸಿಹಿಗೆ ಖಾರ, ಹುಳಿ ಎರಡೂ ಕೈ ಬಿಟ್ಟು ಹಾಕಬೇಕು, ಅಳುಕಿದರೆ ಪಲ್ಯ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನುವಂತಾಗುತ್ತದೆ. ಗುರೆಳ್ಳು ಇಲ್ಲದಿದ್ದರೆ ಶೇಂಗಾ ಪುಡಿ. ಉಪವಾಸಕ್ಕಾದರೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿಟ್ಟು ಹಸಿಮೆಣಸಿನಕಾಯಿ, ಜೀರಿಗೆ, ಶೇಂಗಾ ಪುಡಿ, ನಿಂಬೆ ರಸದಲ್ಲಿ ಮುಗಿಸಿ.

ಬೇಸಿಗೆ ಮಧ್ಯಾಹ್ನಕ್ಕೆ ಮೊಸರು ಬಜ್ಜಿ. ಬೇಯಿಸಿ ಆರಿಸಿದ ಗೆಣಸಿನ ಹೋಳಿಗೆ ಗಟ್ಟಿ ಮೊಸರು, ಉಪ್ಪು, ಹುರಿದ ಜೀರಿಗೆ ಪುಡಿ, ಕೊತ್ತಂಬರಿ, ಮೇಲೊಂದು ಒಣಮೆಣಸಿನಕಾಯಿ ಒಗ್ಗರಣೆ. ಒಲೆ ಮುಂದೆ ನಿಲ್ಲೋದೇ ಬೇಡ ಅನ್ನಿಸುವ ದಿನಕ್ಕೆ ಇದು ಸರಿ. ಬೆಳಿಗ್ಗೆ ತಂಪಿನಲ್ಲೇ ಗೆಣಸು ಬೇಯಿಸಿ ಇಟ್ಟುಬಿಡಿ. ಬೆಂದ ಗೆಣಸು ಆರಿದಾಗ ಅದರ ಪಿಷ್ಟದಲ್ಲಿ ಒಂದು ಪಾಲು ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಅದೂ ಲಾಭವೇ. ಬೆಂದದ್ದನ್ನು ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು, ಹಸಿಯದ್ದನ್ನು ಮಾತ್ರ ಇಡಬಾರದು.

ಹೀಗೆ ಉಳಿದ ಗೆಣಸು ಕಿವುಚಿ ಸಜ್ಜೆ ಹಿಟ್ಟಿಗೋ ಜೋಳದ ಹಿಟ್ಟಿಗೋ ಕಲಸಿ, ಉಳ್ಳಾಗಡ್ಡಿ, ಅಜವಾನ, ಎಳ್ಳು, ಖಾರ ಹಾಕಿ ತಾಲಿಪಟ್ಟು ತಟ್ಟಿ. ಸಜ್ಜೆ, ಜೋಳ ಎರಡಕ್ಕೂ ಗೋಧಿಯ ಜಿಗುಟಿಲ್ಲ, ರೊಟ್ಟಿ ತಟ್ಟಲು ಹೊಸಬರಾದರೆ ಅಂಚು ಬಿರುಕು ಬಿಡೋದು ಖಂಡಿತ. ಗೆಣಸು ಬಿದ್ದರೆ ಹಿಟ್ಟು ಮಾತು ಕೇಳುತ್ತದೆ. ನೀರು ಸುರಿಯೋ ಅವಸರ ಬೇಡ, ಗೆಣಸಿನ ಪಸೆಯಲ್ಲೇ ಅರ್ಧ ಕಲಸುತ್ತದೆ.

ಹೋಳಿಗೆ ಮಾಡುವವರು ಹೂರಣದ ಕಡಲೆಬೇಳೆಯಲ್ಲಿ ಅರ್ಧಕ್ಕೆ ಗೆಣಸು ಹಾಕಿ ನೋಡಿ, ಬೆಲ್ಲ ಕಡಿಮೆ ಹಿಡಿಯುತ್ತದೆ. ಹಬೆಯಲ್ಲಿ ಬೆಂದದ್ದೇ ಆಗಬೇಕು, ನೀರಿನದ್ದಾದರೆ ಹೂರಣ ಹರಿದು ಕಣಕ ಒಡೆಯುತ್ತದೆ. ಗೆಣಸಿನ ಬಜ್ಜಿ? ಮಿರ್ಚಿ ಕರಿಯುವ ಎಣ್ಣೆಯಲ್ಲೇ ನಾಲ್ಕು ಬಿಲ್ಲೆ ಬಿಟ್ಟರೆ ಸೊಗಸಾಗಿರುತ್ತದೆ, ಸುಮ್ನೆ ಅದನ್ನು ಆರೋಗ್ಯದ ಲೆಕ್ಕಕ್ಕೆ ಸೇರಿಸಬೇಡಿ. ಹಿತ್ತಲಲ್ಲಿ ಬಳ್ಳಿ ಇದ್ದವರು ಎಳೆ ಕುಡಿ ಚಿವುಟಿ ತೊಗರಿಬೇಳೆ ಜೊತೆ ಸೊಪ್ಪಿನ ಪಲ್ಯ ಮಾಡಿ. ಪಾಲಕ್ ಹಾಗೇ ಬೇಗ ಬೇಯುತ್ತದೆ, ಬೇಳೆ ಮುಕ್ಕಾಲು ಬೆಂದ ಮೇಲೆ ಹಾಕಿದರೆ ಸಾಕು.