ಸುದ್ದಿಯಲ್ಲಿರುವ ಹೆಣ್ಣನ್ನು ಓದುವುದು ಹೇಗೆ, ಆಕ್ಷೇಪ ಬರೆಯುವುದು ಹೇಗೆ

ಹೆಣ್ಣಿನ ದೇಹ, ದುಡಿಮೆ ಮತ್ತು ನಿರ್ಧಾರಗಳು ಅವಳವೇ, ಅವುಗಳ ಮೇಲೆ ಕುಟುಂಬಕ್ಕಾಗಲಿ, ಜಾತಿಗಾಗಲಿ, ಊರಿಗಾಗಲಿ ಒಡೆತನವಿಲ್ಲ ಎಂಬುದು ನನ್ನ ಸ್ತ್ರೀವಾದದ ತಿರುಳು. ಆದರೆ ಬೆಳಿಗ್ಗೆ ಪತ್ರಿಕೆಯಾಗಿ, ಸಂಜೆ ಧಾರಾವಾಹಿಯಾಗಿ, ನಡುವೆ ಮೊಬೈಲಿನ ವಿಡಿಯೊ ಆಗಿ ಮನೆಯೊಳಗೆ ಬರುವ ಮಾತುಗಳಲ್ಲಿ ಬಹುಪಾಲು ಇದಕ್ಕೆ ವಿರುದ್ಧವಾದುದನ್ನೇ ಸಹಜವೆಂಬಂತೆ ಕಲಿಸುತ್ತಿರುತ್ತವೆ. ಮಾಧ್ಯಮಗಳನ್ನು ಒಟ್ಟಾಗಿ ದೂರುವುದರಿಂದ ಇದು ಬದಲಾಗುವುದಿಲ್ಲ. ನಿರ್ದಿಷ್ಟ ವಾಕ್ಯವೊಂದನ್ನು ಗುರುತಿಸಿ, ಅದು ಏಕೆ ತಪ್ಪೆಂದು ಸಂಬಂಧಪಟ್ಟವರಿಗೆ ಬರವಣಿಗೆಯಲ್ಲಿ ತಿಳಿಸುವ ಅಭ್ಯಾಸವನ್ನು ಓದುಗರು ಬೆಳೆಸಿಕೊಳ್ಳಬೇಕು.

ಅಪರಾಧ ಸುದ್ದಿಯಿಂದ ಆರಂಭಿಸಿ. ಶೀರ್ಷಿಕೆಯನ್ನು ಓದಿದ ಕೂಡಲೇ ಕೃತ್ಯ ಎಸಗಿದವನು ಅದರಲ್ಲಿ ಇದ್ದಾನೆಯೇ ಎಂದು ನೋಡಿ. 'ಶೀಲ ಶಂಕಿಸಿ ಪತ್ನಿಯ ಕೊಲೆ', 'ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಇರಿತ' ಎಂಬ ಬಗೆಯ ಶೀರ್ಷಿಕೆಗಳು ನಮಗೆಲ್ಲ ಚಿರಪರಿಚಿತ. ಇವೆರಡರಲ್ಲೂ ಇರಿದವನು, ಕೊಂದವನು ಕಾಣೆಯಾಗಿದ್ದಾನೆ. ಆದರೆ ಅವಳ ಶೀಲ ಮತ್ತು ಅವಳ ನಿರಾಕರಣೆ ಕಾರಣದ ಸ್ಥಾನದಲ್ಲಿ ಬಂದು ಕುಳಿತಿವೆ. 'ಪತ್ನಿಯ ಕೊಲೆ: ಪತಿಯ ಬಂಧನ' ಎಂದು ಬರೆಯಲು ಹೆಚ್ಚು ಜಾಗ ಬೇಕಿಲ್ಲ. ನ್ಯಾಯಾಲಯದ ತೀರ್ಪು ಬರುವವರೆಗೆ ಅವನು ಆರೋಪಿಯಷ್ಟೇ ಎಂಬ ಎಚ್ಚರವನ್ನು ಇಲ್ಲಿ ನಾವೂ ಬಿಡಬಾರದು. ಸ್ತ್ರೀವಾದಿ ಓದಿಗೆ ನ್ಯಾಯಪ್ರಜ್ಞೆ ಹೊರಗಿನದಲ್ಲ.

ಬಳಿಕ ವರದಿಯ ಒಳಗೆ ಹೋಗಿ, ಪ್ರತಿಯೊಂದು ವಿವರವೂ ಯಾರ ಬಾಯಿಂದ ಬಂದಿದೆ ಎಂದು ಕೇಳಿಕೊಳ್ಳಿ. ಕೊಲೆಯಾದ ಹೆಂಡತಿ ಮಾತನಾಡಲಾರಳು. ಬಂಧಿತ ಗಂಡ ಪೊಲೀಸರ ಮುಂದೆ ಹೇಳಿದ್ದು ಠಾಣೆಯಿಂದ ವರದಿಗಾರರಿಗೆ ತಲುಪಿ, ಮರುದಿನದ ಪತ್ರಿಕೆಯಲ್ಲಿ 'ಅನೈತಿಕ ಸಂಬಂಧ ಹೊಂದಿದ್ದಳು ಎನ್ನಲಾಗಿದೆ' ಎಂಬ ವಾಕ್ಯವಾಗುತ್ತದೆ. ಆ 'ಎನ್ನಲಾಗಿದೆ' ಎಂಬುದರ ಹಿಂದೆ ನಿಂತಿರುವವನು ಕೊಲೆಯ ಆರೋಪಿಯೇ ಎಂದು ಓದುಗರಿಗೆ ಹೊಳೆಯುವುದೇ ಇಲ್ಲ. ಸತ್ತವಳ ಮೇಲೆ ಎರಡನೆಯ ಬಾರಿ ನಡೆಯುವ ಈ ಅನ್ಯಾಯ ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಆದ್ದರಿಂದ ಇಂಥ ವಾಕ್ಯ ಕಂಡಾಗಲೆಲ್ಲ ಪೆನ್ಸಿಲ್ಲಿನಿಂದ ಅಡಿಗೆರೆ ಎಳೆದು, ಪಕ್ಕದಲ್ಲಿ 'ಹೇಳಿದವರು ಯಾರು?' ಎಂದು ಬರೆಯಿರಿ. 'ರಾತ್ರಿ ಒಬ್ಬಳೇ ಹೋಗುತ್ತಿದ್ದಳು' ಎಂಬಂಥ ವಿವರಗಳನ್ನೂ ಪರೀಕ್ಷಿಸಿ: ಗಂಡಸೊಬ್ಬನನ್ನು ದಾರಿಯಲ್ಲಿ ಅಡ್ಡಗಟ್ಟಿ ಹಣ ದೋಚಿದ್ದರೆ, ಅವನು ಒಬ್ಬನೇ ಏಕೆ ಹೊರಟಿದ್ದನೆಂದು ವರದಿ ಕೇಳುತ್ತಿತ್ತೇ?

ಪುಟದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಮುಖ್ಯ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತೆಯರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನೀವು ಓದುವ ಪತ್ರಿಕೆಯ ಒಂದು ವಾರದ ಸಂಚಿಕೆಗಳನ್ನು ಮುಂದಿಟ್ಟುಕೊಂಡು, ಹೆಣ್ಣಿಗೆ ಅಪಾಯ ಎಲ್ಲಿಂದ ಬರುತ್ತದೆಂದು ಅವು ತೋರಿಸುತ್ತವೆ ಎಂಬುದನ್ನು ಈ ಅಂಕಿಯೊಂದಿಗೆ ಹೋಲಿಸಿ. ಬೀದಿಯ ಅಪರಿಚಿತನೇ ಅಲ್ಲಿ ಹೆಚ್ಚಾಗಿ ಕಂಡರೆ, ಮಗಳನ್ನು ಹೊರಗೆ ಕಳುಹಿಸದಿರುವುದೇ ರಕ್ಷಣೆ ಎಂಬ ಪಾಠ ಆ ಮನೆಯವರಿಗೆ ಸಿಗುತ್ತಿದೆ ಎಂದೇ ಅರ್ಥ.

ಅತ್ಯಾಚಾರದ ವರದಿಯಾದರೆ ಸಂತ್ರಸ್ತೆಯ ಗುರುತು ಬಯಲಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವಳ ಹೆಸರನ್ನಾಗಲಿ ಗುರುತು ತಿಳಿಸುವ ಯಾವುದೇ ವಿವರವನ್ನಾಗಲಿ ಪ್ರಕಟಿಸುವುದು ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಮಕ್ಕಳ ಪ್ರಕರಣಗಳಿಗೆ ಪೋಕ್ಸೊ ಕಾಯ್ದೆಯ 23ನೆಯ ಕಲಮು ಇದೆ. ಪರೋಕ್ಷವಾಗಿಯೂ ಗುರುತು ತಿಳಿಯುವಂತೆ ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹೆಸರನ್ನು ಬಿಟ್ಟು ಹಳ್ಳಿ, ಶಾಲೆ, ತಂದೆಯ ಕಸುಬು ಮೂರನ್ನೂ ಬರೆದರೆ ಆ ಊರಿನವರಿಗೆಲ್ಲ ಅವಳು ಯಾರೆಂದು ತಿಳಿದಂತೆಯೇ. ಅವಳ ಗುರುತು ತಿಳಿಸುವ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಮುಂದೆ ಕಳುಹಿಸಬೇಡಿ. ಕಳುಹಿಸಿದವರಿಗೂ ತೆಗೆಯಲು ಹೇಳಿ.

ಧಾರಾವಾಹಿಗಳ ವಿಷಯಕ್ಕೆ ಬೇರೆಯದೇ ಸೂಕ್ಷ್ಮತೆ ಬೇಕು. ಮನೆಯಲ್ಲಿ ಅತ್ತೆಯವರೋ ತಾಯಿಯೋ ದಿನದ ಕೆಲಸ ಮುಗಿಸಿ ನೋಡುವ ಅರ್ಧ ಗಂಟೆಯನ್ನು ಹೀಗಳೆಯುವುದು ಸ್ತ್ರೀವಾದವಲ್ಲ. ಅವರ ಪಕ್ಕದಲ್ಲೇ ಕುಳಿತು, 'ಅಲ್ಲಮ್ಮ, ಸೊಸೆ ಅಳುತ್ತಿದ್ದಾಳೆ, ಅತ್ತೆ ಸಂಚು ಹೂಡುತ್ತಿದ್ದಾಳೆ, ಈ ಮಗ ಏನು ಮಾಡುತ್ತಿದ್ದಾನೆ?' ಎಂದು ಕೇಳಿ ನೋಡಿ. ಗಂಡಸರು ಹೊಣೆಯಿಂದ ಜಾರಿಕೊಂಡು, ಹೆಂಗಸರೇ ಪರಸ್ಪರ ವೈರಿಗಳಾಗುವ ಕಥೆಯ ಹೆಣಿಗೆಯನ್ನು ಅವರು ನಿಮಗಿಂತ ಚೆನ್ನಾಗಿ ಬಿಡಿಸಿ ಹೇಳಿಯಾರು. ಜಾಹೀರಾತುಗಳಲ್ಲಿ ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು ಯಾರೆಂದು ಗಮನಿಸಿ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಿದ್ದರೆ, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ ಕೊಡುತ್ತಿರುವುದಾಗಿ ಕಂಡುಬಂದಿದೆ. ಜಾಹೀರಾತು ಈ ಅಸಮಾನತೆಯನ್ನು ಹುಟ್ಟಿಸಿಲ್ಲ, ನಿಜ. ಆದರೆ ಅದನ್ನು ತಾಯಿಯ ಮಮತೆಯೆಂದು ಹಾಡಿ ಹೊಗಳಿ ಉಳಿಸಿಕೊಳ್ಳುತ್ತದೆ.

ಎಣಿಸುವುದೂ ಒಂದು ವಿಧಾನ. 1995ರಿಂದ ಐದು ವರ್ಷಕ್ಕೊಮ್ಮೆ ನಡೆಯುವ ಜಾಗತಿಕ ಮಾಧ್ಯಮ ಅವಲೋಕನ ಯೋಜನೆಯಲ್ಲಿ, ಅನೇಕ ದೇಶಗಳ ಸ್ವಯಂಸೇವಕರು ನಿಗದಿತ ದಿನವೊಂದರ ಸುದ್ದಿಗಳನ್ನು ಎಣಿಸುತ್ತಾರೆ. ಸುದ್ದಿಯಲ್ಲಿ ಕಾಣುವ, ಮಾತನಾಡುವ ವ್ಯಕ್ತಿಗಳಲ್ಲಿ 1995ರಲ್ಲಿ ಶೇ 17ರಷ್ಟಿದ್ದ ಹೆಂಗಸರ ಪ್ರಮಾಣ 2020ರಲ್ಲಿ ಶೇ 25ಕ್ಕೆ ಬಂದಿತ್ತು. ನೀವೂ ಒಂದು ಚರ್ಚಾ ಕಾರ್ಯಕ್ರಮವನ್ನು ಆರಿಸಿಕೊಂಡು, ಅಲ್ಲಿ ಬಂದ ಹೆಂಗಸರು ತಜ್ಞರಾಗಿ ಬಂದರೋ, ನೊಂದವರಾಗಿ ಬಂದರೋ ಎಂದು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. ನೀರಾವರಿ, ಬಜೆಟ್ ಕುರಿತು ಮಾತನಾಡಲು ಹೆಂಗಸರು ಸಿಗುವುದಿಲ್ಲ ಎಂಬ ಸಮಜಾಯಿಷಿಯನ್ನು ಒಪ್ಪಬೇಕಾಗಿಲ್ಲ. ನೂರು ವರ್ಷಗಳ ಹಿಂದೆಯೇ ನಂಜನಗೂಡು ತಿರುಮಲಾಂಬ ಮತ್ತು ಆರ್. ಕಲ್ಯಾಣಮ್ಮ ಕನ್ನಡದಲ್ಲಿ ಪತ್ರಿಕೆಗಳನ್ನೇ ನಡೆಸಿದ್ದರು.

ಇನ್ನು ಆಕ್ಷೇಪ. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಬೇಕು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟಣೆಯಾದ ಎರಡು ತಿಂಗಳೊಳಗೆ ಅದು ತಲುಪಬೇಕು. ಮಂಡಳಿ ದಂಡ ವಿಧಿಸಲಾರದು, ಛೀಮಾರಿ ಹಾಕಬಲ್ಲದು. ಟಿವಿಯಾದರೆ ವಾಹಿನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಕೇಬಲ್ ಟಿವಿ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ನೀಡಿ, 15 ದಿನಗಳೊಳಗೆ ತನ್ನ ನಿರ್ಧಾರ ತಿಳಿಸಬೇಕು. ಅದು ತೃಪ್ತಿಕರವಾಗಿಲ್ಲದಿದ್ದರೆ, ವಾಹಿನಿಗಳೇ ಕಟ್ಟಿಕೊಂಡ, ಆ ವಾಹಿನಿ ಸದಸ್ಯವಾಗಿರುವ ಸ್ವನಿಯಂತ್ರಣ ಸಂಸ್ಥೆಗೆ 15 ದಿನಗಳೊಳಗೆ ಮೇಲ್ಮನವಿ ಹೋಗಬೇಕು. ಸುದ್ದಿ ವಾಹಿನಿಗಳ ಇಂಥದೊಂದು ಸ್ವನಿಯಂತ್ರಣ ಸಂಸ್ಥೆಯಾದ ಎನ್‌ಬಿಡಿಎಸ್‌ಎ ಮುಂದೆ ಹೋಗುವ ಉದ್ದೇಶವಿದ್ದರೆ, ಪ್ರಸಾರವಾದ 7 ದಿನಗಳೊಳಗೇ ವಾಹಿನಿಗೆ ಮೊದಲ ಪತ್ರ ಹೋಗಿರಬೇಕು. ಜಾಹೀರಾತುಗಳ ಬಗ್ಗೆ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಗೆ, ಅಂದರೆ ಆಸ್ಕಿಗೆ, ಶುಲ್ಕವಿಲ್ಲದೆ ದೂರಬಹುದು. ಲಿಂಗ ಸಂಬಂಧಿ ಸಿದ್ಧಮಾದರಿಗಳ ಕುರಿತು ಅದು 2022ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಪತ್ರ ಒಂದು ಪುಟ ಮೀರದಿರಲಿ. ವಾಹಿನಿ ಅಥವಾ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ ಸಂಖ್ಯೆ ಅಥವಾ ಪ್ರಸಾರದ ಸಮಯವನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಆಕ್ಷೇಪಾರ್ಹ ವಾಕ್ಯವನ್ನು ಇದ್ದಂತೆಯೇ ಉಲ್ಲೇಖಿಸಿ, ಅದು ಯಾವ ನಿಯಮಕ್ಕೆ ವಿರುದ್ಧ ಅಥವಾ ಏಕೆ ಅನ್ಯಾಯ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ. ಬಳಿಕ ನಿಮಗೆ ಬೇಕಾದುದು ತಿದ್ದುಪಡಿಯೋ, ವಿಷಾದವೋ, ವಿಡಿಯೊ ತೆಗೆಯುವುದೋ ಎಂದು ಖಚಿತಪಡಿಸಿ. ವರದಿಗಾರರನ್ನು ಜರೆಯಬೇಡಿ, ಶೀರ್ಷಿಕೆ ಕೊಟ್ಟವರು ಹಲವು ವೇಳೆ ಅವರಾಗಿರುವುದಿಲ್ಲ. ಸಂತ್ರಸ್ತೆಯ ಗುರುತು ಬಯಲಾದುದರ ಬಗ್ಗೆ ಬರೆಯುವಾಗ ಆ ವಿವರಗಳನ್ನು ನಿಮ್ಮ ಪತ್ರದಲ್ಲಿ ಮತ್ತೆ ಬರೆಯದೆ, ಪುಟವನ್ನಷ್ಟೇ ಸೂಚಿಸಿ, ಪತ್ರದ ಪ್ರತಿಯನ್ನು ಸಾಮಾಜಿಕ ಜಾಲತಾಣಕ್ಕೆ ಹಾಕದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ.