ಇಫ್ತಾರ್ ಗಂಜಿ: ಹಂಡೆ ಒಂದೇ, ಖೀಮಾ ಬೇರೆ

ಎಲ್ಲ ಧರ್ಮದವರೂ ಕೂರುವ ಇಫ್ತಾರ್‌ಗೆ ಎರಡೆರಡು ಗಂಜಿ ಮಾಡಬೇಡಿ. ಹಂಡೆ ಪೂರ್ತಿ ಸಸ್ಯಾಹಾರಿಯೇ ಇರಲಿ. ಖೀಮಾವನ್ನು (ಸಣ್ಣಗೆ ಕೊಚ್ಚಿದ ಮಾಂಸ) ಬೇರೆ ಬಾಣಲೆಯಲ್ಲಿ ನೀರು ಆರುವಷ್ಟು ಹುರಿದಿಟ್ಟು, ಬೇಕೆಂದವರ ಬಟ್ಟಲಿಗೆ ಮೇಲಿಂದ ಹಾಕಿ. ಗಂಜಿಯ ರುಚಿ ಇರುವುದು ನುಚ್ಚಕ್ಕಿ, ಹೆಸರುಬೇಳೆ, ಮೆಂತ್ಯ, ಶುಂಠಿ-ಬೆಳ್ಳುಳ್ಳಿ, ಪುದೀನದಲ್ಲೇ, ಹಾಗಾಗಿ ಮಾಂಸವಿಲ್ಲದ ಬಟ್ಟಲೂ ಸಪ್ಪೆ ಅನಿಸುವುದಿಲ್ಲ. 25 ಜನಕ್ಕೆ 1 ಕೆಜಿ ನುಚ್ಚು, 200 ಗ್ರಾಂ ಬೇಳೆ, 2 ಚಮಚ ಮೆಂತ್ಯ, 8 ಲೀಟರ್ ನೀರು. ಎರಡು ತೆಂಗಿನಕಾಯಿಯ ಹಾಲನ್ನು ಒಲೆ ಆರಿಸಿದ ಮೇಲೆ ಸೇರಿಸಿ, ಕುದಿದರೆ ಒಡೆಯುತ್ತದೆ. ಖರ್ಜೂರ ತಿಂದು ಸೂರ್ಯಾಸ್ತದ ಮಗ್ರಿಬ್ ನಮಾಜ್ ಮುಗಿಸಿ ಬರುವಷ್ಟರಲ್ಲಿ ಗಂಜಿ ಮುದ್ದೆ ಕಟ್ಟಿರುತ್ತದೆ. ಅದನ್ನು ತೆಳು ಮಾಡಲು ಎರಡು ಲೀಟರ್ ಬಿಸಿನೀರು ಫ್ಲಾಸ್ಕಿನಲ್ಲಿ ಇರಲೇಬೇಕು. ಈ ಒಂದೇ ಹಂಡೆಯ ಉಪಾಯ ಕೈಕೊಡುವುದು ಸೌಟು ಅದಲುಬದಲಾದಾಗ. ಖೀಮಾದ ಸೌಟನ್ನು ಒಂದು ಸಲ ಗಂಜಿಗೆ ಅದ್ದಿದರೆ ಇಡೀ ಹಂಡೆ ಸಸ್ಯಾಹಾರಿಗಳಿಗೆ ಇಲ್ಲದಂತಾಯಿತು. ಖೀಮಾದ ಸೌಟಿಗೆ ಕೆಂಪು ದಾರ ಕಟ್ಟಿ, ಬಾಣಲೆಯನ್ನು ಬೇರೆ ಮೇಜಿನ ಮೇಲಿಡಿ. ಹೊಸನಗರ, ಹುಂಚ ಕಡೆಯ ಕಟ್ಟುನಿಟ್ಟಿನ ಜೈನ ಸ್ನೇಹಿತರಿದ್ದರೆ ಈ ಉಪಾಯ ನಡೆಯದು: ಶುಂಠಿ-ಬೆಳ್ಳುಳ್ಳಿ ಬಿಟ್ಟರೂ, ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಅವರನ್ನು ಸಂಜೆ ಐದೂವರೆಗೇ ಕರೆದು ಬಾಳೆಹಣ್ಣು, ಮುರುಗಲು (ಕೋಕಂ) ಶರಬತ್ತು ಕೊಡಿ.